ಸ್ಟ್ಯಾಂಡಪ್ ಇದೆ, ರಿವ್ಯೂ ಇದೆ, ಆದರೂ ತಪ್ಪು ನುಸುಳುತ್ತದೆ

ಹೊಸ ಕೋಡು
ನಮ್ಮ ಸಾಫ್ಟ್‌ವೇರ್ ಟೀಮಿನಲ್ಲಿ ದಿನಾ ಸ್ಟ್ಯಾಂಡಪ್ (ಯಾರ ಕೆಲಸ ಎಲ್ಲಿಗೆ ಬಂತು ಅಂತ ಹೇಳುವ ಚಿಕ್ಕ ಸಭೆ), ಎರಡು ವಾರಕ್ಕೊಮ್ಮೆ ರೆಟ್ರೋ (ಏನು ಸರಿಹೋಯಿತು, ಏನು ತಪ್ಪಿತು ಅಂತ ಹಿಂತಿರುಗಿ ನೋಡುವ ಸಭೆ), ಪ್ರತಿ ಬದಲಾವಣೆಗೂ ಕೋಡ್ ರಿವ್ಯೂ (ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪುವುದು). ಎಲ್ಲ ಇದೆ. ಆದರೆ ಸ್ಟ್ಯಾಂಡಪ್‌ನಲ್ಲಿ ಎಲ್ಲರೂ ಮ್ಯಾನೇಜರ್ ಮುಖ ನೋಡಿ ವರದಿ ಒಪ್ಪಿಸುತ್ತೇವೆ. ಕಳೆದ ತಿಂಗಳು ನನ್ನ 800 ಸಾಲಿನ ಕೋಡಿಗೆ ಎರಡೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿದ್ದ ತಪ್ಪಿನಿಂದ ಗ್ರಾಹಕರಿಗೆ ಒಂದೇ ಬಿಲ್ ಎರಡು ಸಲ ಹೋಯಿತು. ಇದನ್ನೆಲ್ಲ ಬಿಟ್ಟು ಸುಮ್ನೆ ಕೋಡ್ ಬರೆಯುವುದೇ ವಾಸಿ ಅಲ್ವಾ?

ಬ್ಯಾಕೆಂಡ್ ಮಂಜು
ಬಿಟ್ಟುಬಿಡಿ. ಈ ಸ್ಟ್ಯಾಂಡಪ್, ರೆಟ್ರೋ ಎಲ್ಲ ಅಜೈಲ್ ಅನ್ನುವ ಸಾಫ್ಟ್‌ವೇರ್ ಕೆಲಸದ ರೀತಿಯ ಹೆಸರಲ್ಲೇ ನಡೆಯುವುದು. 2001ರಲ್ಲಿ 17 ಜನ ಕೂತು ಬರೆದ ಅಜೈಲ್ ಪ್ರಣಾಳಿಕೆಯ ಮೊದಲ ಮಾತೇ ಪ್ರಕ್ರಿಯೆ, ಟೂಲ್‌ಗಳಿಗಿಂತ ಜನ ಮತ್ತು ಅವರ ಒಡನಾಟ ಮುಖ್ಯ ಅಂತ. ಈಗ ಅಜೈಲ್ ಹೆಸರಲ್ಲಿ ಉಳಿದಿರುವುದು ಬರೀ ಮೀಟಿಂಗ್.

ಟೆಸ್ಟಿಂಗ್ ಅಕ್ಕ
ನಾನು ಒಪ್ಪುವುದಿಲ್ಲ ಮಂಜು. ರಿವ್ಯೂ ತೆಗೆದಿದ್ದರೆ ಆ ಬಿಲ್ ತಪ್ಪು ಆಗುತ್ತಿರಲಿಲ್ಲವಾ? 800 ಸಾಲು ಒಟ್ಟಿಗೆ ಬಂದರೆ ಯಾರೂ ಓದುವುದಿಲ್ಲ, ಕಣ್ಣಾಡಿಸಿ ಬಿಡುತ್ತಾರೆ. 100 ಸಾಲು ಕಳಿಸಿ ನೋಡಿ, ಪ್ರಶ್ನೆಗಳು ತಾವಾಗಿ ಬರುತ್ತವೆ.

ಹಿಂದೆ ನಾನಿದ್ದ ಟೀಮಿಗೆ ಟೆಸ್ಟ್ ಕವರೇಜ್, ಅಂದರೆ ಟೆಸ್ಟ್‌ಗಳು ಓಡಿಸಿ ನೋಡುವ ಕೋಡಿನ ಪಾಲು, 80% ಮುಟ್ಟಲೇಬೇಕು ಅಂತ ಗುರಿ ಕೊಟ್ಟಿದ್ದರು. ಮುಟ್ಟಿಸಿದೆವು. ಹೇಗೆ ಗೊತ್ತಾ? ಟೆಸ್ಟಿನಲ್ಲಿ ಫಂಕ್ಷನ್ (ಕೋಡಿನ ಒಂದು ತುಣುಕು) ಓಡಿಸುತ್ತಿದ್ದೆವು, ಉತ್ತರ ಸರಿ ಬಂತಾ ಅಂತ ನೋಡುತ್ತಿರಲಿಲ್ಲ. ಅಂಕಿಅಂಶ ತೋರಿಸುವ ಡ್ಯಾಶ್‌ಬೋರ್ಡ್ ಹಸಿರಾಯಿತು, ಬಗ್‌ಗಳು (ಕೋಡಿನ ತಪ್ಪುಗಳು) ಇದ್ದಲ್ಲೇ ಇದ್ದವು. ನನಗೆ ಅದು ಇವತ್ತಿಗೂ ನೋವಿನ ವಿಷಯ. ಅದರಲ್ಲಿ ಟೆಸ್ಟ್ ಬರೆಯುವ ಪದ್ಧತಿಯ ತಪ್ಪೇನಿತ್ತು ಹೇಳಿ?

ಸರ್ವರ್ ಕಾವಲು
ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯ ಕತೆ ಇಲ್ಲಿ ಹೇಳಲೇಬೇಕು. 2017ರ ಜನವರಿ 31. ತಡರಾತ್ರಿಯವರೆಗೆ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಡೇಟಾ ಉಳಿಸಲು ಐದು ಬಗೆಯ ವ್ಯವಸ್ಥೆ ಇತ್ತು. ಒಂದೂ ನೆಚ್ಚುವ ಹಾಗಿರಲಿಲ್ಲ. ಬ್ಯಾಕಪ್ (ಡೇಟಾದ ಕಾಪು ಪ್ರತಿ) ವಿಫಲವಾದರೆ ಇಮೇಲ್ ಬರಬೇಕಿತ್ತು, ಆ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ಅದೇ ಎಂಜಿನಿಯರ್ ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿದ್ದರಿಂದ ಬಚಾವಾದರು.

ಬ್ಯಾಕಪ್ ಇದೆ ಅಂತ ಎಲ್ಲರೂ ನಂಬಿದ್ದರು. ವಾಪಸ್ ತೆಗೆದು ನೋಡುವ ರೂಢಿ ಇರಲಿಲ್ಲ. ಮಂಜು ಬೈಯುವ ತೋರಿಕೆಯ ಪದ್ಧತಿ ಇದೇ. ಆದರೆ ಆಮೇಲೆ ಅವರು ಮಾಡಿದ್ದನ್ನೂ ನೋಡಿ. ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು. ಏನೇನು ಕೆಟ್ಟಿತ್ತು ಅಂತ ಪೂರ್ತಿ ಬರೆದು ಹಾಕಿದರು. ತಪ್ಪನ್ನು ಆ ಎಂಜಿನಿಯರ್ ತಲೆಗೆ ಕಟ್ಟಲಿಲ್ಲ. ಕೆಟ್ಟ ಸುದ್ದಿ ಹೇಳಿದವನಿಗೆ ಪೆಟ್ಟು ಬೀಳುವುದಿಲ್ಲ ಅನ್ನುವ ಧೈರ್ಯ ಇದ್ದರೆ ಸ್ಟ್ಯಾಂಡಪ್, ರೆಟ್ರೋ ಎಲ್ಲಕ್ಕೂ ಜೀವ ಬರುತ್ತದೆ.

ಬ್ಯಾಕೆಂಡ್ ಮಂಜು
ಆ ಧೈರ್ಯ ಕೊಡುವವರು ಯಾರು ಸರ್? ನಮ್ಮ ರೆಟ್ರೋದಲ್ಲಿ ಗೆಳೆಯನೊಬ್ಬ ಈ ಡೆಡ್‌ಲೈನ್ ಆಗದ ಮಾತು ಅಂದ. ಅಪ್ರೈಸಲ್‌ನಲ್ಲಿ (ಮ್ಯಾನೇಜರ್ ಬರೆಯುವ ಕೆಲಸದ ಮೌಲ್ಯಮಾಪನದಲ್ಲಿ) ಅವನಿಗೆ "ನೆಗೆಟಿವ್ ಮನೋಭಾವ" ಅಂತ ಬರೆದರು. ಅವತ್ತಿಂದ ಎಲ್ಲರೂ "ಎಲ್ಲ ಚೆನ್ನಾಗಿದೆ" ಅಂತಾರೆ. ನಾನೂ ಅಂತೀನಿ.

ಟೆಸ್ಟಿಂಗ್ ಅಕ್ಕ
ಇದು ನಿಜಕ್ಕೂ ಅನ್ಯಾಯ. ಅಂಥ ಕಡೆ ರೆಟ್ರೋಗೆ ಅಪ್ರೈಸಲ್ ಬರೆಯುವವರು ಇರಬಾರದು. ನಾವು ಅದನ್ನು ಕೇಳಿ ಪಡೆದೆವು. ಮೊದಲ ಎರಡು ಸಲ ಯಾರೂ ಬಾಯಿ ಬಿಡಲಿಲ್ಲ. ಮೂರನೇ ಸಲ ಒಬ್ಬ ಹುಡುಗ ಕೋಡಿನ ಒಂದು ಭಾಗದ ಬಗ್ಗೆ "ನನಗೆ ಈ ಮಾಡ್ಯೂಲ್ ಅರ್ಥವೇ ಆಗಿಲ್ಲ" ಅಂದ. ಇನ್ನಿಬ್ಬರು "ನಮಗೂ" ಅಂದರು. ವಾರವಿಡೀ ಕೂತು ಅದನ್ನೇ ಒಟ್ಟಿಗೆ ಓದಿದೆವು.

ಹೊಸ ಕೋಡು
ನನ್ನ ಮುಂದಿನ ಬದಲಾವಣೆಯನ್ನು ನಾಲ್ಕು ತುಂಡು ಮಾಡಿ ಕಳಿಸುತ್ತೇನೆ. ಅಷ್ಟು ನನ್ನ ಕೈಯಲ್ಲಿದೆ. ರೆಟ್ರೋ ವಿಷಯ ಮ್ಯಾನೇಜರ್ ಹತ್ತಿರ ಎತ್ತಲು ಇನ್ನೂ ಭಯ ಇದೆ. ಮಂಜು ಅವರೇ, ನಿಮ್ಮ ಗೆಳೆಯ ಈಗಲೂ ಅದೇ ಟೀಮಿನಲ್ಲಿದ್ದಾರಾ?

ಬ್ಯಾಕೆಂಡ್ ಮಂಜು
ಇಲ್ಲ. ಬಿಟ್ಟು ಹೋದ. ಆ ಡೆಡ್‌ಲೈನ್ ಕೂಡ ತಪ್ಪಿತು.