ಹಳೆಯ ಮಿನಿಯ 1275 ಸಿಸಿ ಎಂಜಿನ್‌ಗೆ ಯಾವ ಆಯಿಲ್ ಪಂಪ್ ಆರಿಸಬೇಕು?

ಪ್ರಶ್ನೆ
ಮಿತ್ರರೇ, ಗೇರ್‌ಬಾಕ್ಸ್ ದುರಸ್ತಿಗಾಗಿ ನನ್ನ ಹಳೆಯ ಮಿನಿ ಕಾರಿನ ಎ-ಸೀರೀಸ್ ಎಂಜಿನ್ನನ್ನು ಹೊರತೆಗೆದಿದ್ದೇನೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಒತ್ತಡ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ನಿಧಾನವಾಗಿ ತಿರುಗುವಾಗ) 10 ಪಿಎಸ್‌ಐಗಿಂತ (ಒತ್ತಡದ ಮಾನ) ಕೆಳಗಿಳಿಯುತ್ತಿತ್ತು, ಓಡುವಾಗಲೂ 40 ದಾಟುತ್ತಿರಲಿಲ್ಲ. ಪಂಪ್ ಫ್ಲೈವೀಲ್ ಬದಿಯಲ್ಲಿ ಒಳಗೆ ಅಡಗಿರುವುದರಿಂದ ಈಗಲೇ ಬದಲಿಸುವುದು ಲೇಸೆನಿಸಿದೆ. ಹೆಚ್ಚು ಎಣ್ಣೆ ತಳ್ಳುವ ಹೈ ವಾಲ್ಯೂಮ್ ಪಂಪ್ ಹಾಕಿದರೆ ಒತ್ತಡ ಸರಿಹೋಗುವುದೇ, ಅಥವಾ ಮೂಲ ಅಳತೆಯದೇ ಸಾಕೇ?

ಉತ್ತರ 1
ಮೊದಲು ಪಂಪನ್ನು ತಿರುಗಿಸುವ ಕ್ಯಾಮ್‌ಶಾಫ್ಟಿನ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ದಂಡ) ತುದಿಯನ್ನು ನೋಡಿ. ಈ ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವ ಜೋಡಣೆ ಮೂರು ಬಗೆಯದು: ಪಿನ್, ನಕ್ಷತ್ರಾಕಾರದ ಸ್ಪೈಡರ್ ಮತ್ತು ಸ್ಲಾಟ್. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಇಷ್ಟು ವರ್ಷಗಳಲ್ಲಿ ಯಾರೋ ಕ್ಯಾಮ್‌ಶಾಫ್ಟನ್ನೇ ಬದಲಿಸಿರಬಹುದಾದ್ದರಿಂದ ಕಾರಿನ ವರ್ಷವನ್ನಷ್ಟೇ ನಂಬಿ ಪಂಪ್ ತರಿಸಬೇಡಿ.

ಉತ್ತರ 2
ಪಂಪ್ ಕೊಡುವುದು ಹರಿವನ್ನು. ಆ ಹರಿವಿಗೆ ಬೇರಿಂಗ್‌ಗಳ ಕಿರಿದಾದ ಸಂದು ಒಡ್ಡುವ ತಡೆಯಿಂದಲೇ ಒತ್ತಡ ಹುಟ್ಟುತ್ತದೆ. ಬೇರಿಂಗ್ ಸವೆದಿದ್ದರೆ ದೊಡ್ಡ ಪಂಪ್ ಗೇಜಿನ ಮುಳ್ಳನ್ನು ಮೇಲೇರಿಸಿ ರೋಗವನ್ನು ಮರೆಮಾಡುತ್ತದೆ. ಬೇರಿಂಗ್ ಚೆನ್ನಾಗಿದ್ದರೆ ಹೆಚ್ಚಾದ ಎಣ್ಣೆಯೆಲ್ಲ ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದಾಗ ತೆರೆಯುವ ಕವಾಟ) ಮೂಲಕ ಹಿಂದಿರುಗಿ, ಎಂಜಿನ್ನಿನ ಶಕ್ತಿಯನ್ನು ವ್ಯರ್ಥವಾಗಿ ತಿಂದು ಎಣ್ಣೆಯನ್ನು ಬಿಸಿಮಾಡುತ್ತದೆ. ರಸ್ತೆಯಲ್ಲಿ ಓಡುವ ಕಾರಿಗೆ ಮೂಲ ಅಳತೆಯ ಪಂಪೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಬಿಸಿ ಎಂಜಿನ್‌ಗೆ ಓಟದಲ್ಲಿ 60, ಐಡಲ್‌ನಲ್ಲಿ 15 ಪಿಎಸ್‌ಐ ಇದ್ದರೆ ಅದು ಆರೋಗ್ಯದ ಲಕ್ಷಣ.

ಕೊಳ್ಳುವ ಮುನ್ನ ಹಳೆಯ ಪಂಪನ್ನು ಬಿಚ್ಚಿ ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. ಪಂಪಿನೊಳಗೆ ತಿರುಗುವ ರೋಟರ್‌ಗಳ ಹಲ್ಲುಗಳ ನಡುವಿನ ಸಂದು 0.15 ಮಿ.ಮೀ., ಹೊರ ರೋಟರ್ ಮತ್ತು ಪಂಪಿನ ಒಡಲಿನ ನಡುವಿನದು 0.25 ಮಿ.ಮೀ., ಪಂಪಿನ ಮುಖಕ್ಕೆ ನೇರಪಟ್ಟಿಯಿಟ್ಟು ಅಳೆದಾಗ ರೋಟರಿನ ತುದಿಯಾಟ 0.13 ಮಿ.ಮೀ. ಮೀರಬಾರದು. ಮಿನಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ. ಅದು ಫಿಲ್ಟರನ್ನು ತಲುಪುವ ಮೊದಲೇ ಪಂಪನ್ನು ಹಾದುಹೋಗುವುದರಿಂದ ಗೇರುಗಳ ಸಣ್ಣ ಲೋಹದ ಪುಡಿ ರೋಟರ್‌ಗಳನ್ನು ಗೀರುತ್ತದೆ. ರಿಲೀಫ್ ವಾಲ್ವಿನ ಸ್ಪ್ರಿಂಗ್ ಮತ್ತು ಅದರ ಆಸನವನ್ನೂ ಪರೀಕ್ಷಿಸಿ.

ಪ್ರಶ್ನೆ ಕೇಳಿದವರು
ಅಳೆದು ನೋಡಿದೆ. ಹಲ್ಲುಗಳ ಸಂದು 0.20 ಮಿ.ಮೀ. ಬಂದಿದೆ, ರಿಲೀಫ್ ವಾಲ್ವ್ ಸ್ವಚ್ಛವಾಗಿದೆ. ಆದರೆ ಬಿಗ್ ಎಂಡ್ ಬೇರಿಂಗ್‌ಗಳ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಶಾಫ್ಟನ್ನು ಹಿಡಿಯುವಲ್ಲಿನ ಬೇರಿಂಗ್) ಮೇಲ್ಪದರ ಸವೆದು ತಾಮ್ರದ ಬಣ್ಣ ಕಾಣುತ್ತಿದೆ. ಕ್ಯಾಮ್‌ಶಾಫ್ಟಿನದು ಸ್ಲಾಟ್ ತುದಿ.

ಉತ್ತರ 2 ಬರೆದವರು
ಹಾಗಾದರೆ ಪಂಪ್ ಒಂದೇ ದೋಷಿಯಲ್ಲ. ಕ್ರ್ಯಾಂಕ್‌ಶಾಫ್ಟಿನ ಜರ್ನಲ್‌ಗಳನ್ನು (ಬೇರಿಂಗ್‌ನೊಳಗೆ ತಿರುಗುವ ಭಾಗಗಳು) ಅಳೆಸಿ ಹೊಸ ಬೇರಿಂಗ್ ಹಾಕಿಸಿ, ಅದರ ಜೊತೆಗೆ ಸ್ಲಾಟ್ ಬಗೆಯ ಮೂಲ ಅಳತೆಯ ಪಂಪನ್ನು ಕೂರಿಸಿ. ಹೊಸ ಪಂಪನ್ನೂ ಬಿಚ್ಚಿ ಅಳೆಯಿರಿ. ನನಗೆ ಒಮ್ಮೆ ಬಂದ ಹೊಸ ಪಂಪಿನ ಒಳಗೆ ಲೋಹದ ಚೂರುಗಳಿದ್ದವು.

ಉತ್ತರ 1 ಬರೆದವರು
ಕೂರಿಸುವ ಮುನ್ನ ಹಳೆಯ ಗ್ಯಾಸ್ಕೆಟ್ಟಿನ ರಂಧ್ರಗಳನ್ನು ಹೊಸದರೊಡನೆ ಹೋಲಿಸಿ, ಪಂಪಿನೊಳಗೆ ಶುದ್ಧ ಎಂಜಿನ್ ಆಯಿಲ್ ತುಂಬಿ. ಜೋಡಣೆ ಮುಗಿದ ಮೇಲೆ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಿಟ್ಟು, ಗೇಜಿನಲ್ಲಿ ಒತ್ತಡ ಕಾಣುವವರೆಗೂ ಸ್ಟಾರ್ಟರ್‌ನಿಂದ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ. ಒತ್ತಡ ಕಾಣದೆ ಎಂಜಿನ್ ಚಾಲೂ ಮಾಡಬೇಡಿ.