ಸಹಾಯ ಬೇಕು: ಕೊನೆ ಹೇಳದೆ ಪುಸ್ತಕದ ಬಗ್ಗೆ ಮಾತಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನಾವು ಆರು ಜನ ತಿಂಗಳಿಗೊಮ್ಮೆ ಸೇರಿ, ಓದಿ ಮುಗಿಸಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಕಾದಂಬರಿ, ಒಳ್ಳೇ ದಪ್ಪ ಪುಸ್ತಕ. ಮೊನ್ನೆ ರಾತ್ರಿ ಮುಗಿಸಿದೆ. ಕಾಲುವೆ, ಭತ್ತದ ಬಯಲು ನೋಡಿ ಬೆಳೆದ ನನಗೆ ಆ ಕಾಡು, ಆ ಮಳೆ ಎಲ್ಲ ಹೊಸದು. ಮೊದಲ ನೂರು ಪುಟ ಯಾರು ಯಾವ ಮನೆಯವರು ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡೇ ಓದಿದೆ. ಆಮೇಲೆ ಗುತ್ತಿ, ಅವನ ನಾಯಿ ಹುಲಿಯ ಇಬ್ಬರೂ ಸೇರಿ ನನ್ನನ್ನು ಹಿಡಿದುಬಿಟ್ಟರು.

ತೊಂದರೆ ಏನಂದ್ರೆ, ಭಾನುವಾರ ನಾನೇ ಮೊದಲು ಮಾತಾಡಬೇಕು, ಮೂವರು ಇನ್ನೂ ಅರ್ಧದಲ್ಲೇ ಇದ್ದಾರೆ. ನನ್ನ ಅಭಿಪ್ರಾಯವೆಲ್ಲ ನಿಂತಿರುವುದು ಕೊನೆಯ ಪುಟಗಳ ಮೇಲೆ. ಅದನ್ನು ಬಿಟ್ಟು ಬರೆದು ನೋಡಿದೆ, ಸುಮ್ನೆ ಬೆನ್ನುಡಿ ಓದಿದ ಹಾಗಾಯಿತು. ಅಕ್ಕನ ಮುಂದೆ ಹೇಳಿ ನೋಡಿದೆ, ಎರಡೇ ನಿಮಿಷಕ್ಕೆ ಬಾಯಿ ತಪ್ಪಿ ಕೊನೆ ಹೇಳಿಬಿಟ್ಟೆ. ಅವಳೂ ಓದಬೇಕು ಅಂತಿದ್ದಳಂತೆ, ಇವತ್ತಿನವರೆಗೂ ಸರಿಯಾಗಿ ಮಾತಾಡಿಸಿಲ್ಲ.

ಓದಿದವರು ಹೇಳಿ, ಕೊನೆ ಮುಟ್ಟದೆ ಗುತ್ತಿ, ಹುಲಿಯರ ಬಗ್ಗೆ ಮಾತಾಡೋಕೆ ಕಾದಂಬರಿಯ ಯಾವ ಪ್ರಸಂಗ ಹಿಡಿಯಲಿ? ಇಲ್ಲಾ ಎಲ್ಲರೂ ಮುಗಿಸುವ ತನಕ ಮುಂದೂಡೋಣ ಅನ್ನಲಾ?