ಮ್ಯಾನಿಟಾಲ್ ಬಾಟ್ಲಿಲಿ ಬಿಳಿ ಹರಳು, ಶುಗರ್ ಇರೋರಿಗೆ ಕೊಡಬಹುದಾ?

ಪ್ರಶ್ನೆ: ಮೇಡಂ ನಮಸ್ತೆ, ನಮ್ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಐಸಿಯುನಲ್ಲಿದಾರೆ, ಮೆದುಳು ಬಾತಿದೆ ಅಂತ ಮ್ಯಾನಿಟಾಲ್ ಡ್ರಿಪ್ ಹಾಕ್ತಿದಾರೆ. ಹೊರಗೆ ಕೂತು ಫೋನಲ್ಲಿ ನೋಡಿದ್ರೆ ಅದು ಶುಗರ್ ಫ್ರೀ ಚೂಯಿಂಗ್ ಗಮ್‌ಗೆ ಹಾಕೋ ಸಿಹಿ ಅಂತ ಬರುತ್ತೆ, ಅಪ್ಪಂಗೆ 12 ವರ್ಷದಿಂದ ಶುಗರ್ ಇದೆ. ಇನ್ನೊಂದು, ಇವತ್ತು ತಂದ ಬಾಟ್ಲಿ ತಳದಲ್ಲಿ ಸೂಜಿ ಸೂಜಿಯಾಗಿ ಬಿಳಿ ಹರಳಿತ್ತು, ಸಿಸ್ಟರ್ ಬಿಸಿನೀರಲ್ಲಿಟ್ಟು ಅಲ್ಲಾಡಿಸಿದ್ರು. ಕೆಟ್ಟಿರೋ ಮಾಲಲ್ವಾ ಅದು? ತುಂಬಾ ಭಯ ಆಗ್ತಿದೆ

ಉತ್ತರ (ಆಸ್ಪತ್ರೆ ಫಾರ್ಮಸಿಸ್ಟ್): ಗಾಬರಿ ಆಗ್ಬೇಡಿ ಅಣ್ಣಾ. ಹರಳು ಬಂದ್ರೆ ಕೆಟ್ಟಿದೆ ಅಂತಲ್ಲ. ಆ ಬಾಟ್ಲಿ ಸಾಮಾನ್ಯವಾಗಿ 20 ಪರ್ಸೆಂಟ್, ಅಂದ್ರೆ 100 ಎಂಎಲ್‌ಗೆ 20 ಗ್ರಾಂ, ನೀರಲ್ಲಿ ಕರಗೋದೇ ಹೆಚ್ಚುಕಮ್ಮಿ ಅಷ್ಟು, ಸ್ವಲ್ಪ ಥಂಡಿ ಆದ್ರೂ ಹರಳುಕಟ್ಟುತ್ತೆ, ಚಳಿಗೆ ಜೇನುತುಪ್ಪ ಗಟ್ಟಿ ಆಗಲ್ವಾ ಹಂಗೆ. ಬಿಸಿನೀರಲ್ಲಿಟ್ಟು ಪೂರ್ತಿ ಕರಗಿಸಿ, ಮೈ ಬಿಸಿಗೆ ಇಳಿಸಿ, ಫಿಲ್ಟರ್ ಇರೋ ಸೆಟ್‌ನಲ್ಲೇ ಹಾಕ್ಬೇಕು. ನಾವೂ ಬೆಳಕಿಗೆ ಹಿಡಿದು ತಿರುಗಿಸಿ ನೋಡ್ತೀವಿ, ಒಂದು ಹರಳು ಉಳಿದ್ರೂ ಹಾಕಂಗಿಲ್ಲ.

ಗಮ್‌ನಲ್ಲಿರೋದೂ ಇದೇ, ಸಕ್ಕರೆಯ ಅರ್ಧದಷ್ಟು ಸಿಹಿ. ಆದ್ರೆ ರಕ್ತಕ್ಕೆ ಹೋದಾಗ ದೇಹ ಇದನ್ನ ಗ್ಲೂಕೋಸ್ ಥರ ಬಳಸ್ಕೊಳ್ಳಲ್ಲ, ಬಹುಪಾಲು ಹಂಗೇ ಮೂತ್ರದಲ್ಲಿ ಹೋಗ್ಬಿಡುತ್ತೆ. ಮೆದುಳಿಗೂ ಸುಲಭಕ್ಕೆ ದಾಟಲ್ಲ, ರಕ್ತದಲ್ಲೇ ನಿಂತು ಬಾತಿರೋ ಕಡೆಯಿಂದ ನೀರು ಎಳ್ಕೊಳ್ಳುತ್ತೆ, ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಡಲ್ವಾ ಅದೇ ಲೆಕ್ಕ. ನೀವು ನೋಡ್ಬೇಕಾಗಿರೋದು ಮೂತ್ರದ ಚೀಲ. ಕಿಡ್ನಿ ಸರಿಯಿಲ್ದಿದ್ರೆ ಔಷಧಿ ಒಳಗೇ ಉಳಿದು ಶ್ವಾಸಕೋಶಕ್ಕೆ ನೀರು ತುಂಬ್ಕೊಳ್ಳೋ ಅಪಾಯ ಇದೆ, ಹಳೇ ಶುಗರ್ ಬೇರೆ, ಹಾಗಾಗಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತದ ಟೆಸ್ಟು), ಸೋಡಿಯಂ ಎಷ್ಟಿದೆ ಅಂತ ಡಾಕ್ಟ್ರನ್ನ ಕೇಳಿ, ಸಂಕೋಚ ಬೇಡ.

ಇನ್ನೊಬ್ರು: ಮೇಡಂ, ಗಮ್‌ಗೆ ಯಾಕೆ ಹಾಕೋದು ಹಂಗಾದ್ರೆ?

ಉತ್ತರ: ತೇವ ಹೀರಲ್ಲ ಸಾರ್ ಅದು, ಗಮ್ ಮೇಲಿನ ಬಿಳಿ ಪುಡಿ ಎಷ್ಟೋ ಸಲ ಇದೇ, ಕವರ್‌ಗೆ ಅಂಟದಿರ್ಲಿ ಅಂತ. ಜಗಿಯೋ ಮಾತ್ರೆ ನಾಲಿಗೆಗೆ ತಣ್ಣಗೆ ಅನ್ಸೋದೂ ಇದರಿಂದ್ಲೇ, ಪುಡಿ ಇಂಜೆಕ್ಷನ್ ವಯಲ್‌ಗಳಲ್ಲೂ ಇರುತ್ತೆ. ಹಿಂದೆ ಸಿಸಿಲಿ ಕಡೆ ಒಂದು ಮರದ ತೊಗಟೆ ಗೀರಿ ಸಿಹಿ ರಸ ತೆಗೀತಿದ್ರು, ಮನ್ನಾ ಅಂತ, ಹೆಸರು ಬಂದಿದ್ದು ಅಲ್ಲಿಂದ. ಈಗ ಫ್ರಕ್ಟೋಸ್ ಅನ್ನೋ ಹಣ್ಣಿನ ಸಕ್ಕರೆಗೆ ಹೈಡ್ರೋಜನ್ ಸೇರಿಸಿ ಮಾಡ್ತಾರೆ. ಆದ್ರೆ ಬಾಯಲ್ಲಿ ದಿನಕ್ಕೆ 20 ಗ್ರಾಂ ದಾಟಿದ್ರೆ ಭೇದಿ ಆಗ್ಬಹುದು, ಕರುಳಲ್ಲೂ ನೀರು ಎಳ್ಯುತ್ತಲ್ಲ.

ಪ್ರಶ್ನೆ ಕೇಳಿದವರು: ಮೇಡಂ ಈಗ ಕೇಳ್ದೆ, ಕ್ರಿಯಾಟಿನಿನ್ 1.1 ಅಂತೆ, ಚೀಲ ಬೆಳಿಗ್ಗೆಯಿಂದ ಎರಡು ಸಲ ಖಾಲಿ ಮಾಡಿದಾರೆ. ಅಪ್ಪ ಕರೆದ್ರೆ ಕಣ್ಣು ಬಿಡ್ತಿದಾರೆ.